30×40 ಸೈಟಿನಲ್ಲಿ ನಿಮ್ಮ ಮನೆಯವರಿಗೆ ಹೊಂದುವ ಮನೆ: ಪ್ಲ್ಯಾನ್ ಮಾಡುವ ಕ್ರಮ, ಅಳತೆ ಮತ್ತು ತಪ್ಪುಗಳು

"ಪಿಲ್ಲರ್ ಎದ್ದಾಯ್ತು, ಈಗ ನೋಡಿದ್ರೆ ಅಡುಗೆಮನೆ ಚಿಕ್ಕದು ಅನ್ನಿಸ್ತಿದೆ. ಏನು ಮಾಡೋದು?" ಮನೆ ಕಟ್ಟಿಸುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಆ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಗೋಡೆ ಒಡೆದರೆ ದುಡ್ಡು ಹೋಗುತ್ತದೆ, ಹಾಗೇ ಬಿಟ್ಟರೆ ದಿನವೂ ಕಣ್ಣಿಗೆ ಚುಚ್ಚುತ್ತದೆ.

ಹೀಗಾಗುವುದಕ್ಕೆ ಕಾರಣ ಬಹುತೇಕ ಒಂದೇ. ಮೊದಲು ಎಲಿವೇಶನ್, ಅಂದರೆ ಮನೆಯ ಮುಂಭಾಗದ ನೋಟದ ಫೋಟೋ ಆರಿಸುತ್ತಾರೆ, ಆಮೇಲೆ ಯಾರದೋ ಮನೆಯ ಪ್ಲ್ಯಾನ್ ತರುತ್ತಾರೆ, ಕೊನೆಗೆ ತಮ್ಮ ಮನೆಯವರನ್ನು ಅದರೊಳಗೆ ತುರುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ನಮ್ಮ ಊರುಗಳಲ್ಲಿ ಹೆಚ್ಚಿನವರ ಕೈಲಿರುವುದು 30×40 ಅಡಿಯ ಸೈಟು. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಸೈಟು ಬೇರೆ ಅಳತೆಯದ್ದಾದರೂ ಹಂತಗಳು ಇವೇ.

ಕೈಯಲ್ಲಿ ಇರಬೇಕಾದದ್ದು

ಸೈಟಿನ ಮೂಲೆಯಿಂದ ಮೂಲೆಗೆ ಮುಟ್ಟುವಷ್ಟು ಉದ್ದದ ಟೇಪು, ಚೌಕಳಿ ಹಾಳೆಯ ಪುಸ್ತಕ, ಪೆನ್ಸಿಲು, ಫೋನಿನಲ್ಲಿ ದಿಕ್ಸೂಚಿ, ಒಂದು ಉಂಡೆ ದಾರ, ನಾಲ್ಕಾರು ಗೂಟ, 5 ಕೆ.ಜಿ. ಸುಣ್ಣದ ಪುಡಿ. ಸುಣ್ಣದ ಪುಡಿ ಯಾಕೆ ಅಂತ 8ನೇ ಹಂತದಲ್ಲಿ ಗೊತ್ತಾಗುತ್ತದೆ. ಅದನ್ನು ಮಾತ್ರ ಬಿಡಬೇಡಿ.

ಹಂತ 1: ಒಂದು ವಾರ ನಿಮ್ಮ ಮನೆಯ ದಿನಚರಿ ಬರೆಯಿರಿ

ಈಗಿರುವ ಮನೆಯಲ್ಲೇ, ಅದು ಬಾಡಿಗೆ ಮನೆಯಾದರೂ ಸರಿ, ಒಂದು ವಾರ ಗಮನಿಸಿ. ಬೆಳಿಗ್ಗೆ 6ರಿಂದ 9ರವರೆಗೆ ಯಾರು ಎಲ್ಲಿರುತ್ತಾರೆ? ಒಂದೇ ಹೊತ್ತಿಗೆ ಎಷ್ಟು ಜನರಿಗೆ ಸ್ನಾನಕ್ಕೆ ಹೋಗಬೇಕು? ಊಟ ಟೇಬಲ್ ಮೇಲೋ, ಟಿವಿ ಮುಂದೋ, ನೆಲದ ಮೇಲೋ? ಮಕ್ಕಳು ಹೋಮ್‌ವರ್ಕ್ ಮಾಡುವುದು ರೂಮಿನಲ್ಲಾ, ಅಮ್ಮನ ಕಣ್ಣಿಗೆ ಬೀಳುವ ಹಾಗೆ ಅಡುಗೆಮನೆ ಪಕ್ಕದಲ್ಲಾ?

ಬರೆಯುವಾಗ ಸುಳ್ಳು ಹೇಳಬೇಡಿ. "ಹೊಸ ಮನೆಗೆ ಹೋದ ಮೇಲೆ ಎಲ್ಲರೂ ಡೈನಿಂಗ್ ಟೇಬಲ್ ಮೇಲೆ ಊಟ ಮಾಡ್ತೀವಿ" ಅಂತ ಅಂದುಕೊಳ್ಳುವವರೇ ಜಾಸ್ತಿ. ಆರು ತಿಂಗಳಾದ ಮೇಲೆ ಆ ಟೇಬಲ್ ಮೇಲೆ ಇಸ್ತ್ರಿ ಬಟ್ಟೆಯೂ ಪಾರ್ಸೆಲ್ ಡಬ್ಬಿಗಳೂ ಕೂತಿರುತ್ತವೆ. ಅಭ್ಯಾಸ ಮನೆ ಜೊತೆ ಬದಲಾಗುವುದು ಕಡಿಮೆ.

ಮನೆಯಲ್ಲಿರುವ ಪ್ರತಿಯೊಬ್ಬರಿಂದಲೂ ಮೂರು ಉತ್ತರ ಪಡೆಯಿರಿ. ಈಗಿನ ಮನೆಯಲ್ಲಿ ಯಾವುದು ತೊಂದರೆ, ಯಾವುದು ಇಷ್ಟ, ಯಾವುದು ಇಲ್ಲದಿದ್ದರೂ ನಡೆಯುತ್ತದೆ. ಅಜ್ಜಿಯನ್ನೂ ಕೇಳಿ, ಹತ್ತು ವರ್ಷದ ಮಗುವನ್ನೂ ಕೇಳಿ. ಅಡುಗೆ ಮಾಡುವವರನ್ನು ಎಲ್ಲರಿಗಿಂತ ಮೊದಲು ಕೇಳಿ. ಪ್ಲ್ಯಾನ್ ಮಾತುಕತೆಗೆ ಗಂಡಸರಷ್ಟೇ ಬಂದು ಕೂತ ಮನೆಗಳಲ್ಲಿ ಅಡುಗೆಮನೆಗೆ ಉಳಿದ ಮೂಲೆ ಸಿಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಹಂತ 2: ಹದಿನೈದು ವರ್ಷ ಮುಂದಕ್ಕೆ ಲೆಕ್ಕ ಹಾಕಿ

ಒಂದು ಹಾಳೆಯಲ್ಲಿ ಎಲ್ಲರ ಹೆಸರು, ಈಗಿನ ವಯಸ್ಸು, 15 ವರ್ಷದ ನಂತರದ ವಯಸ್ಸು ಬರೆಯಿರಿ. ನಿಮ್ಮ ವಯಸ್ಸನ್ನೂ ಸೇರಿಸಿ. 48 ಇರುವವರು 63 ಆಗುತ್ತಾರೆ, 7 ವರ್ಷದ ಮಗ 22 ಆಗುತ್ತಾನೆ. ಆಗ ಮಹಡಿಯ ಮೇಲಿನ ದೊಡ್ಡ ಬೆಡ್‌ರೂಮಿಗೆ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಲು ಆಗುತ್ತದಾ?

ನನ್ನ ಗಟ್ಟಿ ಅಭಿಪ್ರಾಯ ಇದು: ಹಿರಿಯರು ಇರಲಿ ಇಲ್ಲದಿರಲಿ, ನೆಲಮಹಡಿಯಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡ ಒಂದು ಬಚ್ಚಲು ಇರಲೇಬೇಕು. ಆ ಬಚ್ಚಲಿನ ಬಾಗಿಲು 2 ಅಡಿ 6 ಇಂಚು ಸಾಲದು, 3 ಅಡಿ ಕೊಡಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಕಮೋಡಿನ ಪಕ್ಕದ ಗೋಡೆ ಗಟ್ಟಿ ಇಟ್ಟಿಗೆಯದ್ದಿರಲಿ. ಮುಂದೆ ಹಿಡಿಕಂಬಿ ಹಾಕುವಾಗ ಟೊಳ್ಳು ಬ್ಲಾಕಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಬಾಡಿಗೆಗೆ ಒಂದು ಭಾಗ ಕೊಡುವ ಯೋಚನೆ ಇದ್ದರೆ ಈಗಲೇ ತೀರ್ಮಾನಿಸಿ. ಮೆಟ್ಟಿಲು ಒಳಗೋ ಹೊರಗೋ ಅನ್ನುವುದು ಇದರ ಮೇಲೆ ನಿಂತಿದೆ. ಮೆಟ್ಟಿಲು ಹಾಲ್ ಒಳಗೆ ಬಂದರೆ ಮೇಲಿನ ಮಹಡಿಯನ್ನು ಬೇರೆಯವರಿಗೆ ಕೊಡಲು ಆಗದು. ಹೊರಗಿದ್ದರೆ ರಾತ್ರಿ ಮಕ್ಕಳ ರೂಮಿಗೆ ಹೋಗಲು ಬೀಗ ತೆಗೆದು ಹೋಗಬೇಕು. ಎರಡೂ ಬೇಕು ಅನ್ನುವವರಿಗೆ ಒಂದು ದಾರಿಯಿದೆ. ಮುಖ್ಯ ಬಾಗಿಲ ಪಕ್ಕದಲ್ಲೇ ಮೆಟ್ಟಿಲು ಇಟ್ಟು, ಅದಕ್ಕೂ ಹಾಲಿಗೂ ನಡುವೆ ಒಂದು ಚಿಕ್ಕ ಪಡಸಾಲೆ ಬಿಡಿ. ಇಂದು ಅದು ಒಳಗಿನ ಮೆಟ್ಟಿಲು. ನಾಳೆ ಒಂದು ಬಾಗಿಲು ಕೂರಿಸಿದರೆ ಹೊರಗಿನ ಮೆಟ್ಟಿಲಾಗುತ್ತದೆ.

ಹಂತ 3: ಸೈಟನ್ನು ನೀವೇ ಅಳೆಯಿರಿ

ಕಾಗದದ ಮೇಲೆ 30×40 ಇದ್ದರೂ ನೆಲದ ಮೇಲೆ 29 ಅಡಿ 8 ಇಂಚು ಇರಬಹುದು. ನಾಲ್ಕೂ ಬದಿ ಅಳೆಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. ಎರಡು ಕರ್ಣಗಳ ಅಳತೆ ಬೇರೆ ಬೇರೆ ಬಂದರೆ ಸೈಟು ಸೊಟ್ಟಗಿದೆ ಅಂತ ಅರ್ಥ.

ಆಮೇಲೆ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ. ಎಷ್ಟು ಬಿಡಬೇಕು ಅನ್ನುವುದು ಊರು, ಸೈಟಿನ ಅಳತೆ, ಕಟ್ಟಡದ ಎತ್ತರ ನೋಡಿಕೊಂಡು ಬದಲಾಗುತ್ತದೆ. ನಿಮ್ಮ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಲ್ಲಿ ಈಗಿನ ನಿಯಮ ಕೇಳಿ ಬರೆದುಕೊಳ್ಳಿ. ಪಕ್ಕದ ಮನೆಯವರು ಬಿಟ್ಟಿಲ್ಲ ಅನ್ನುವುದು ನಿಯಮ ಅಲ್ಲ.

ಲೆಕ್ಕಕ್ಕೆ ಮುಂದೆ 5 ಅಡಿ, ಉಳಿದ ಮೂರೂ ಬದಿ 3 ಅಡಿ ಬಿಟ್ಟಿರಿ ಅಂತ ಇಟ್ಟುಕೊಳ್ಳೋಣ. ಉಳಿಯುವುದು 24×32. ಹೊರಗೋಡೆಗೆ 6 ಇಂಚು ಕಳೆದರೆ ಒಳಗೆ 23×31, ಅಂದರೆ 713 ಚದರ ಅಡಿ. ಮೆಟ್ಟಿಲಿಗೆ ಸುಮಾರು 85 ಹೋಗುತ್ತದೆ. ಕಾರಿಗೆ 9×16 ಬೇಕು. ಅದರಲ್ಲಿ 5 ಅಡಿ ಮುಂದಿನ ಖಾಲಿ ಜಾಗದಲ್ಲಿ ಸಿಕ್ಕಿದರೂ ಉಳಿದ 11 ಅಡಿ ಮನೆಯೊಳಗಿಂದಲೇ ಹೋಗಬೇಕು. ಅದು 99. ಈಗ ಕೈಯಲ್ಲಿ 529. ಒಳಗೋಡೆಗಳನ್ನೂ ಕಳೆದರೆ 500ಕ್ಕಿಂತ ಕಡಿಮೆ. 1200 ಚದರ ಅಡಿ ಸೈಟು ತೆಗೆದುಕೊಂಡವರು ನೆಲಮಹಡಿಯಲ್ಲಿ ಎರಡು ಬೆಡ್‌ರೂಮು, ದೊಡ್ಡ ಹಾಲು, ಕಾರು ಎಲ್ಲ ಕೇಳುತ್ತಾರೆ. ಈ ಲೆಕ್ಕವನ್ನು ನಿಮ್ಮ ಕೈಯಾರೆ ಒಮ್ಮೆ ಮಾಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೆರಡು ವಿಷಯ ಅಲ್ಲೇ ನಿಂತು ನೋಡಿ. ಒಂದು, ರಸ್ತೆಯ ಮಟ್ಟ. ಡಾಂಬರು ಮೇಲೆ ಡಾಂಬರು ಬಿದ್ದು ರಸ್ತೆ ವರ್ಷ ವರ್ಷ ಏರುತ್ತದೆ. ಸುತ್ತಲಿನ ನೆಲಕ್ಕಿಂತ ಮನೆಯ ನೆಲ ಕನಿಷ್ಠ ಒಂದೂವರೆ ಅಡಿ ಮೇಲಿರಲಿ. ಒಂದೂವರೆ ಅಡಿ ಏರಲು ಗಾಲಿಕುರ್ಚಿಯ ಇಳಿಜಾರು 18 ಅಡಿ ಉದ್ದ ಬೇಕು, ಒಂದಕ್ಕೆ ಹನ್ನೆರಡರ ಲೆಕ್ಕ. ಈಗ ಕಟ್ಟದಿದ್ದರೂ ಪರವಾಗಿಲ್ಲ. ಒಂದು ಪಕ್ಕದ ಓಣಿಯಲ್ಲಿ ಸಂಪಿನ ಮುಚ್ಚಳ, ಚರಂಡಿಯ ಚೇಂಬರ್ ಬರದ ಹಾಗೆ ನೋಡಿಕೊಂಡರೆ ಬೇಕಾದಾಗ ಅಲ್ಲಿ ಇಳಿಜಾರು ಮಾಡಬಹುದು.

ಎರಡು, ಮಣ್ಣು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅಲ್ಲಿ ಪಕ್ಕದ ಮನೆಯ ಪಾಯ ನೋಡಿ ಕಾಪಿ ಮಾಡುವುದು ಅಪಾಯ. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದ ಪಾಯವನ್ನೇ ಹಾಕಿಸಿ.

ಹಂತ 4: ವಾಸ್ತು ಮಾತು ಈಗಲೇ ಮುಗಿಸಿ

ನಂಬುವವರು ಪ್ಲ್ಯಾನ್ ಗೀಟು ಎಳೆಯುವ ಮೊದಲೇ ವಾಸ್ತು ಹೇಳುವವರನ್ನು ಕರೆಸಿ. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್ ಹಾಕಿದ ಮೇಲೆ ಕರೆಸಿದರೆ ಆಗ್ನೇಯಕ್ಕೆ ಅಡುಗೆಮನೆ ಸರಿಸಲು ನೀರಿನ ಪೈಪು, ಕಿಟಕಿ, ಚಿಮಣಿ ಎಲ್ಲ ಸರಿಸಬೇಕಾಗುತ್ತದೆ. ಒಬ್ಬರನ್ನೇ ಕೇಳಿ. ಇಬ್ಬರನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ, ಮನೆಯವರು ಎರಡು ಪಕ್ಷ ಆಗುತ್ತಾರೆ. ಬಿಡಲಾಗದ ನಾಲ್ಕು ಅಂಶ ಯಾವುವು ಅಂತ ಬರೆದುಕೊಂಡು ಎಂಜಿನಿಯರ್ ಕೈಗೆ ಕೊಡಿ.

ಹಂತ 5: ಸಾಮಾನಿನಿಂದ ಕೋಣೆಯ ಅಳತೆ ಹುಟ್ಟಲಿ

"ಬೆಡ್‌ರೂಮು 10×10 ಸಾಕು" ಅನ್ನುವ ಮಾತು ಎಲ್ಲಿಂದ ಬಂತೋ. ಅಳೆದು ನೋಡೋಣ. ದೊಡ್ಡ ಮಂಚ 6×6.5 ಅಡಿ. ಬೀರು ಅಥವಾ ವಾರ್ಡ್‌ರೋಬು 2 ಅಡಿ ಆಳ. ಮಂಚದ ಕಾಲ ಕಡೆ ವಾರ್ಡ್‌ರೋಬು ಇಟ್ಟರೆ 6.5ಕ್ಕೆ 2 ಸೇರಿ 8.5. ಉಳಿದದ್ದು ಒಂದೂವರೆ ಅಡಿ. ವಾರ್ಡ್‌ರೋಬಿನ ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ. ಅದೇ ಕೋಣೆ 10×12 ಆದರೆ ಮುಂದೆ ಮೂರೂವರೆ ಅಡಿ ಸಿಗುತ್ತದೆ, ಮಂಚದ ಎರಡೂ ಪಕ್ಕ 2 ಅಡಿ ಸಿಗುತ್ತದೆ. ಒಬ್ಬರು ಬಟ್ಟೆ ತೆಗೆಯುವಾಗ ಇನ್ನೊಬ್ಬರು ಹಿಂದಿನಿಂದ ಹೋಗಬಹುದು.

ಹೀಗೆ ಪ್ರತಿ ಕೋಣೆಗೂ ಮಾಡಿ. ನಿಮ್ಮ ಹತ್ತಿರ ಈಗಿರುವ ಮಂಚ, ಸೋಫಾ, ಬೀರು, ಫ್ರಿಜ್, ವಾಷಿಂಗ್ ಮಷೀನು ಎಲ್ಲವನ್ನೂ ಅಳೆದು ಪಟ್ಟಿ ಮಾಡಿ. ಚೌಕಳಿ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿ ಅಂತ ಇಟ್ಟುಕೊಂಡು, ಸಾಮಾನುಗಳನ್ನು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ. ಮಕ್ಕಳಿಗೆ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಆರು ಜನರ ಊಟದ ಟೇಬಲ್ 3×5 ಇದ್ದರೂ ಕುರ್ಚಿ ಹಿಂದೆ ಎಳೆಯಲು ಸುತ್ತ 3 ಅಡಿ ಬೇಕು. ಅಂದರೆ 9×11. ಈ ಲೆಕ್ಕ ನೋಡಿ ಎಷ್ಟೋ ಜನ ಟೇಬಲನ್ನು ಗೋಡೆಗೆ ಒತ್ತಿ ನಾಲ್ಕು ಕುರ್ಚಿಗೆ ಇಳಿಸುತ್ತಾರೆ. ಅದು ಒಳ್ಳೆಯ ತೀರ್ಮಾನವೇ.

ಪ್ಲ್ಯಾನಿನಲ್ಲಿ ಬರೆದಿರುವುದು ಒಳಅಳತೆಯಾ, ಗೋಡೆಯ ನಡುವಿನಿಂದ ನಡುವಿಗೆ ಹಿಡಿದ ಅಳತೆಯಾ ಅಂತ ತಪ್ಪದೆ ಕೇಳಿ. ನಡುವಿನಿಂದ ಹಿಡಿದಿದ್ದರೆ 6 ಇಂಚಿನ ಗೋಡೆಯಲ್ಲಿ 10 ಅಡಿಯ ಕೋಣೆ ಒಳಗೆ 9 ಅಡಿ 6 ಇಂಚು ಆಗುತ್ತದೆ. ಪ್ಲಾಸ್ಟರಿಂಗ್ ಆದ ಮೇಲೆ ಇನ್ನೂ ಇಂಚು ಕಡಿಮೆ. ಆರ್ಡರ್ ಕೊಟ್ಟ ವಾರ್ಡ್‌ರೋಬು ಹಿಡಿಸದಿರುವುದು ಹೀಗೇ.

ಹಂತ 6: ಮೆಟ್ಟಿಲು ಮತ್ತು ನೀರಿನ ಜಾಗ ಮೊದಲು ಕೂರಿಸಿ

ಹಾಳೆಯ ಮೇಲೆ ಎಲ್ಲಕ್ಕಿಂತ ಮೊದಲು ಮೆಟ್ಟಿಲು ಬರೆಯಿರಿ. ಕೋಣೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಮೆಟ್ಟಿಲು ಹಾಗೆ ಬಗ್ಗುವುದಿಲ್ಲ. ನೆಲದಿಂದ ನೆಲಕ್ಕೆ 10 ಅಡಿ ಎತ್ತರವಿದ್ದರೆ, ಒಂದೊಂದು 6.7 ಇಂಚು ಎತ್ತರದ ಹಾಗೆ 18 ಮೆಟ್ಟಿಲು ಬೇಕು. ಕಾಲಿಡುವ ಅಗಲ ಕನಿಷ್ಠ 10 ಇಂಚು. ಅರ್ಧಕ್ಕೆ ತಿರುಗುವ ಮೆಟ್ಟಿಲಾದರೆ 6.5×13 ಅಡಿ ಹಿಡಿಯುತ್ತದೆ. ಜಾಗ ಉಳಿಸಲು ಎತ್ತರವನ್ನು 8 ಇಂಚು ಮಾಡೋಣ ಅಂತ ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಮಂಡಿ ನೋವಿರುವವರು ಅದನ್ನು ಹತ್ತುವುದೇ ಬಿಡುತ್ತಾರೆ. ತಿರುವಿನಲ್ಲಿ ತ್ರಿಕೋನ ಮೆಟ್ಟಿಲೂ ಬೇಡ, ಇಳಿಯುವಾಗ ಕಾಲು ಜಾರುವುದು ಅಲ್ಲೇ.

ಆಮೇಲೆ ಬಚ್ಚಲು, ಅಡುಗೆಮನೆ, ಪಾತ್ರೆ ಬಟ್ಟೆ ತೊಳೆಯುವ ಯುಟಿಲಿಟಿ. ಇವು ಒಂದರ ಪಕ್ಕ ಒಂದು, ಮೇಲಿನ ಮಹಡಿಯ ಬಚ್ಚಲು ಕೆಳಗಿನ ಬಚ್ಚಲ ನೇರಕ್ಕೆ ಬಂದರೆ ಪೈಪು ಕಡಿಮೆ, ಸೋರುವ ಜಾಗವೂ ಕಡಿಮೆ. ದೇವರ ಮನೆ ಮೇಲೆ, ಊಟದ ಜಾಗದ ಮೇಲೆ ಬಚ್ಚಲು ಬಂದಿದೆಯಾ ಅಂತ ಎರಡೂ ಮಹಡಿಯ ಹಾಳೆಯನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿ.

ಸಂಪಿನ ಲೆಕ್ಕವೂ ಇಲ್ಲೇ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯಿರಿ. ಐದು ಜನಕ್ಕೆ 675. ನಿಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ 2700 ಲೀಟರ್. 6×5×5 ಅಡಿಯ ಸಂಪಿನಲ್ಲಿ 4200 ಲೀಟರಿನಷ್ಟು ನಿಲ್ಲುತ್ತದೆ, ನೆಂಟರು ಬಂದಾಗಲೂ ಸಾಕು. ಮಳೆನೀರಿಗೆ ಪೈಪಿನ ದಾರಿ ಈಗಲೇ ಗುರುತಿಸಿ. ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. 1000 ಚದರ ಅಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಮಿಕ್ಕಿ ನೀರು. ಸುಮ್ನೆ ಚರಂಡಿಗೆ ಯಾಕೆ ಬಿಡಬೇಕು?

ಹಂತ 7: ಅಡುಗೆಮನೆ, ಆಮೇಲೆ ಗಾಳಿ ಬೆಳಕು

ಕಟ್ಟೆಯ ಎತ್ತರ ಎಲ್ಲರಿಗೂ ಒಂದೇ ಅಲ್ಲ. ಜಾಸ್ತಿ ಹೊತ್ತು ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ 5 ಇಂಚು ಕಳೆಯಿರಿ. ನಮ್ಮಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ 31ರಿಂದ 34 ಇಂಚು ಬರುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಟೈಲ್ಸ್ ಹಾಕುವ ಮೊದಲೇ ಕಟ್ಟೆ ಎರೆಯುತ್ತಾರೆ. ಆಮೇಲೆ ನೆಲ ಎರಡು ಇಂಚು ಏರುತ್ತದೆ, ಕಟ್ಟೆ ಅಷ್ಟೇ ಗಿಡ್ಡವಾಗುತ್ತದೆ. ಅದರ ಮುಂದೆ ನಿಂತವರಿಗೆ ಸೊಂಟ ನೋವು. ಅಳತೆಯನ್ನು ಮುಗಿದ ನೆಲದಿಂದ ಹಿಡಿಯಲು ಹೇಳಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಸಿ.

ರುಬ್ಬುವ ಗ್ರೈಂಡರು, ಮಿಕ್ಸಿ, ಕುಕ್ಕರ್ ಇಟ್ಟ ಮೇಲೆ ತರಕಾರಿ ಹೆಚ್ಚಲು ಕನಿಷ್ಠ ಎರಡೂವರೆ ಅಡಿ ಖಾಲಿ ಕಟ್ಟೆ ಉಳಿಯಬೇಕು. ಒಲೆಯ ನೇರ ಎದುರಿಗೆ ಕಿಟಕಿ ಬೇಡ, ಗಾಳಿಗೆ ಉರಿ ಆರುತ್ತದೆ. ಯುಟಿಲಿಟಿಯಲ್ಲಿ ಪಾತ್ರೆ ತೊಳೆಯುವವರು ಕೂತು ತೊಳೆಯುತ್ತಾರಾ ನಿಂತಾ ಅಂತ ಕೇಳಿ ಸಿಂಕ್ ಇಡಿ. ಅವರೂ ದಿನಕ್ಕೆ ಒಂದು ಗಂಟೆ ನಿಮ್ಮ ಮನೆಯಲ್ಲಿ ಇರುವವರೇ ಅಲ್ವಾ?

ಈಗ ಕಿಟಕಿ. ಸೈಟಿನಲ್ಲಿ ಮಧ್ಯಾಹ್ನ 3ರಿಂದ 5ರವರೆಗೆ ನಿಂತು ನೋಡಿ. ಪಡುವಣ ಬಿಸಿಲು ಬೀಳುವ ಕಡೆ ಮೆಟ್ಟಿಲು, ಬಚ್ಚಲು, ಬೀರು ಬರಲಿ. ಹಾಸಿಗೆ ಬೇಡ. ಕಲಬುರಗಿ, ರಾಯಚೂರಿನಲ್ಲಿ ಇದನ್ನು ಮರೆತರೆ ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಉಗುಳುತ್ತದೆ. ಒಣ ಸೆಕೆಯ ಊರುಗಳಲ್ಲಿ ತೆರೆಯುವ ಕಿಟಕಿ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು, ಕರಾವಳಿಯಂಥ ಹಸಿ ಸೆಕೆಯ ಕಡೆ ಆರನೇ ಒಂದು ಭಾಗ ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 120 ಚದರ ಅಡಿಯ ಕೋಣೆಗೆ ರಾಯಚೂರಿನಲ್ಲಿ 4×3ರ ಕಿಟಕಿ ಆದರೆ ಮಂಗಳೂರಿನಲ್ಲಿ 20 ಚದರ ಅಡಿ. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ನೈಋತ್ಯದಿಂದ ಬಡಿಯುವುದರಿಂದ ಆ ಕಡೆಯ ಸಜ್ಜಾ ಎರಡು ಅಡಿಗಿಂತ ಕಡಿಮೆ ಬೇಡ.

ಪಕ್ಕದಲ್ಲಿ ಈಗ ಖಾಲಿ ಸೈಟಿದೆ ಅಂತ ಅದನ್ನೇ ನಂಬಿ ಕಿಟಕಿ ಇಡಬೇಡಿ. ನಾಳೆ ಅಲ್ಲಿ ಮೂರು ಮಹಡಿ ಏಳುತ್ತದೆ, ನಿಮ್ಮ ಹಾಲಿಗೆ ಹಗಲಲ್ಲೂ ಲೈಟು ಬೇಕಾಗುತ್ತದೆ. ಮನೆಯ ನಡುವೆ ಆಕಾಶಕ್ಕೆ ತೆರೆದ ಒಂದು ಚಿಕ್ಕ ಜಾಗ ಬಿಟ್ಟರೆ ಆ ಭಯವಿಲ್ಲ. ಅಲ್ಲಿ ನೀರು ಹೋಗಲು ಮೋರಿ, ಮೇಲೆ ಕಳ್ಳರು ಇಳಿಯದಂತೆ ಗ್ರಿಲ್ ಎರಡೂ ಬೇಕು.

ಹಂತ 8: ಸುಣ್ಣದ ಪುಡಿಯಲ್ಲಿ ಮನೆ ಬಿಡಿಸಿ, ಒಳಗೆ ನಡೆಯಿರಿ

ಇದಕ್ಕೆ ಒಂದು ಭಾನುವಾರ ಮೀಸಲಿಡಿ. ಸೈಟು ಸ್ವಚ್ಛ ಮಾಡಿಸಿ, ದಾರ ಕಟ್ಟಿ, ಪ್ಲ್ಯಾನನ್ನು ನಿಜವಾದ ಅಳತೆಯಲ್ಲೇ ಸುಣ್ಣದ ಪುಡಿಯಲ್ಲಿ ಎಳೆಯಿರಿ. ಬಾಗಿಲಿನ ಜಾಗ ಖಾಲಿ ಬಿಡಿ. ಮಂಚದ ಜಾಗಕ್ಕೆ ಚಾಪೆ ಹಾಸಿ, ಸೋಫಾ ಬದಲು ಪ್ಲಾಸ್ಟಿಕ್ ಕುರ್ಚಿ ಇಡಿ. ಆಮೇಲೆ ಮನೆಯವರೆಲ್ಲ ಒಂದು ಗಂಟೆ ಅದರೊಳಗೆ "ವಾಸ" ಮಾಡಿ.

ಒಂದು ಕುಟುಂಬ ಹೀಗೆ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆ ಮನೆಯ ಅತ್ತೆ ಕೈಯಲ್ಲಿ ಸಾರಿನ ಪಾತ್ರೆ ಹಿಡಿದವರ ಹಾಗೆ ಅಡುಗೆಮನೆಯಿಂದ ಊಟದ ಜಾಗಕ್ಕೆ ಹೊರಟರು. ಬಿಳಿ ಗೀಟುಗಳ ನಡುವೆ ಎರಡು ಸಲ ತಿರುಗಿ, ಬಚ್ಚಲ ಬಾಗಿಲು ದಾಟಿ, ನಿಂತುಬಿಟ್ಟರು. "ಬಿಸಿ ಸಾರು ಹಿಡ್ಕೊಂಡು ದಿನಾ ಇಷ್ಟು ಸುತ್ತಬೇಕೇನಮ್ಮಾ?" ಅಂದರು ಸೊಸೆಗೆ. ಪ್ಲ್ಯಾನ್ ಹಾಳೆಯ ಮೇಲೆ ಎರಡು ತಿಂಗಳು ನೋಡಿದ್ದ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಒಂದು ಗೋಡೆಯಲ್ಲಿ ಬಾಗಿಲು ಮೂರು ಅಡಿ ಆಚೆ ಸರಿಯಿತು, ಅಷ್ಟೇ. ಖರ್ಚು ಒಂದು ಹಿಡಿ ಸುಣ್ಣದ ಪುಡಿ.

ಗೋಡೆ ಇಲ್ಲದ ಕಾರಣ ಈಗ ಕೋಣೆಗಳು ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಗಾಬರಿಯಾಗಿ ಎಲ್ಲವನ್ನೂ ಹಿಗ್ಗಿಸಬೇಡಿ. ಚಾಪೆ, ಕುರ್ಚಿ ಹಿಡಿಸಿ ಓಡಾಡಲು ಆದರೆ ಅಳತೆ ಸರಿಯಿದೆ.

ಹಂತ 9: ದುಡ್ಡಿನ ಲೆಕ್ಕ, ಕೊನೆಯ ಸಹಿ

ಚದರ ಅಡಿಗೆ ಇಷ್ಟು ಅಂತ ಕಂಟ್ರಾಕ್ಟರ್ ಹೇಳಿದಾಗ, ಅದರಲ್ಲಿ ಏನೇನು ಸೇರಿಲ್ಲ ಅಂತ ಬರೆಸಿಕೊಳ್ಳಿ. ಸಂಪು, ಕಾಂಪೌಂಡ್, ಗೇಟು, ಕರೆಂಟ್ ಮತ್ತು ನೀರಿನ ಸಂಪರ್ಕ, ಪ್ಲ್ಯಾನ್ ಮಂಜೂರಾತಿ, ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ ಸಾಮಾನ್ಯವಾಗಿ ಹೊರಗೇ ಇರುತ್ತವೆ. ಹಣ ಸಾಲದಿದ್ದರೆ ಎಲ್ಲ ಕೋಣೆಯನ್ನೂ ಚಿಕ್ಕದು ಮಾಡಬೇಡಿ. ಒಂದು ಕೋಣೆಯನ್ನು ಮುಂದಕ್ಕೆ ಹಾಕಿ. ಮೇಲೆ ಕಟ್ಟುವ ಯೋಚನೆ ಇದ್ದರೆ ಅದರ ಭಾರಕ್ಕೆ ತಕ್ಕ ಪಾಯ, ಪಿಲ್ಲರ್ ಈಗಲೇ ಹಾಕಿಸಿ. ಟೈಲ್ಸ್ ಆಮೇಲೆ ಬದಲಿಸಬಹುದು, ಪಾಯ ಆಗುವುದಿಲ್ಲ.

ಪ್ಲ್ಯಾನ್ ಒಪ್ಪಿಗೆಯಾದ ಮೇಲೆ 15 ದಿನ ಅದನ್ನು ಗೋಡೆಗೆ ಅಂಟಿಸಿ ಸುಮ್ಮನಿರಿ. ತಿದ್ದುಪಡಿ ಏನಿದ್ದರೂ ಆ ದಿನಗಳಲ್ಲೇ ಹೊಳೆಯುತ್ತದೆ. ಆಮೇಲೆ ಸ್ಟ್ರಕ್ಚರಲ್ ಡ್ರಾಯಿಂಗ್, ಕರೆಂಟ್ ಪಾಯಿಂಟುಗಳ ಹಾಳೆ, ಪ್ಲಂಬಿಂಗ್ ಹಾಳೆ. ಕರೆಂಟ್ ಹಾಳೆ ಮೋಲ್ಡ್ ಹಾಕುವ ಮೊದಲೇ ಬೇಕು, ಫ್ಯಾನ್ ಮತ್ತು ಲೈಟಿನ ಪೈಪು ಅದರೊಳಗೇ ಹೋಗುತ್ತದೆ.

ನಿಲ್ಲಿಸಿ ಕೇಳಬೇಕಾದ ಸೂಚನೆಗಳು

ಪ್ಲ್ಯಾನಿನಲ್ಲಿ ಮಂಚ, ಸೋಫಾ ಬರೆದೇ ಇಲ್ಲ, ಅಥವಾ ಬರೆದ ಮಂಚ 4 ಅಡಿ ಅಗಲ ಇದೆ. ಎಂಜಿನಿಯರ್ ನಿಮ್ಮ ಮನೆಯಲ್ಲಿ ಎಷ್ಟು ಜನ ಅಂತ ಕೇಳುವ ಮೊದಲೇ ಎಲಿವೇಶನ್ ತೋರಿಸುತ್ತಾರೆ. ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೂ ಇಲ್ಲ, ಬೀಮಿನ ಮೇಲೂ ಇಲ್ಲ. ಓಡಾಡುವ ಪಡಸಾಲೆಯೇ ಒಂದು ಕೋಣೆಯಷ್ಟಿದೆ. ಬಚ್ಚಲ ಬಾಗಿಲು ಹಾಲಿನಲ್ಲಿ ಕೂತ ನೆಂಟರ ಮುಖಕ್ಕೇ ತೆರೆಯುತ್ತದೆ. "ಸೈಟಲ್ಲಿ ಅಡ್ಜಸ್ಟ್ ಮಾಡೋಣ ಬಿಡಿ ಸಾರ್" ಅನ್ನುವ ಮಾತು ಎರಡನೇ ಸಲ ಕೇಳಿಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಗುದ್ದಲಿ ಪೂಜೆಯ ದಿನ ಮುಂದಕ್ಕೆ ಹಾಕಿ. ಮುಹೂರ್ತ ಇನ್ನೊಂದು ಸಿಗುತ್ತದೆ.

ಪಾಯದ ಮಾರ್ಕಿಂಗ್ ದಿನ ಟೇಪು ಹಿಡಿದು ನೀವೇ ಹೋಗಿ. ನಮ್ಮ ಉದಾಹರಣೆಯ 24×32 ಮನೆಗೆ ಮೂಲೆಯಿಂದ ಮೂಲೆಗೆ ಸರಿಯಾಗಿ 40 ಅಡಿ ಬರಬೇಕು, ಎರಡು ಕಡೆಯಿಂದಲೂ. ಒಂದು 40, ಇನ್ನೊಂದು 40 ಅಡಿ 4 ಇಂಚು ಬಂದರೆ ಮೂಲೆ ಸೊಟ್ಟ. ಗೂಟ ಕೀಳಿಸಿ, ದಾರ ಮತ್ತೆ ಕಟ್ಟಿಸಿ. ಅಗೆಯುವವರು ಅರ್ಧ ಗಂಟೆ ಕಾಯಲಿ.